ನಡೆಯಲು ದಾರಿ ಕೊಡಿ: ಬೆಂಗಳೂರಿನ ಐದು ನಗರ ಪಾಲಿಕೆಗಳ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ನಾನು ಬೆಂಗಳೂರಿನ ಹೊರವಲಯದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಆಹಾರ ಸಲಹೆಗಾರ್ತಿ. ಶುಗರ್, ಬಿಪಿ, ಮಂಡಿನೋವು ಅಂತ ಬರುವವರಿಗೆ ಡಾಕ್ಟರು ಮಾತ್ರೆ ಬರೆದುಕೊಟ್ಟು ನನ್ನ ಹತ್ತಿರ ಕಳಿಸುತ್ತಾರೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು, ದಿನಕ್ಕೆ ಎಷ್ಟು ಹೊತ್ತು ನಡೆಯಬೇಕು ಅಂತ ಹೇಳುವುದು ನನ್ನ ಕೆಲಸ. ತಿನ್ನುವ ವಿಷಯದಲ್ಲಿ ಜನ ವಾದ ಮಾಡುತ್ತಾರೆ. ಎರಡು ಚಮಚ ಸಕ್ಕರೆಯನ್ನು ಒಂದಕ್ಕೆ ಇಳಿಸಲು ಚೌಕಾಸಿ ಮಾಡುತ್ತಾರೆ. ಕೊನೆಗೆ ಹೇಗೋ ಒಪ್ಪುತ್ತಾರೆ. ವಾಕಿಂಗ್ ವಿಷಯ ಬಂದಾಗ ಮಾತ್ರ ಒಂದೇ ಪ್ರಶ್ನೆ: ‘ಎಲ್ಲಿ ನಡೆಯೋದು ಮೇಡಂ?’

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದೆ. ಅದಕ್ಕೇ ಈ ಪತ್ರ.

ಮೊದಲು ಸಮಸ್ಯೆ ಎಷ್ಟು ದೊಡ್ಡದು ಅಂತ ಹೇಳಿಬಿಡುತ್ತೇನೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ. 23.3ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು ಇತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇ. 30.1ಕ್ಕೆ ಏರಿತು. ಗಂಡಸರದ್ದು ಇನ್ನೂ ಜೋರು: ಶೇ. 22.1 ಇದ್ದದ್ದು ಶೇ. 30.9 ಆಯಿತು. ಅಂದರೆ ಹತ್ತು ಜನರಲ್ಲಿ ಮೂವರು. ಇದು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ, 25 ದಾಟಿದವರ ಲೆಕ್ಕ. ನಮ್ಮ ಭಾರತೀಯ ಮೈಗೆ 23 ದಾಟಿದರೇ ಎಚ್ಚರ ವಹಿಸಬೇಕು ಅಂತ ವೈದ್ಯರು ಹೇಳುತ್ತಾರೆ. ತೆಳ್ಳಗೆ ಕಾಣುವ ನಮ್ಮವರ ಹೊಟ್ಟೆಯ ಸುತ್ತಲೇ ಕೊಬ್ಬು ಕೂರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ ಅಂತ ಅಂದಾಜು ಮಾಡಿತು.

ನಾಲ್ಕೈದು ವರ್ಷದಲ್ಲಿ ಒಂದು ರಾಜ್ಯದ ಜನ ಎಲ್ಲ ಸೇರಿ ಸೋಮಾರಿಗಳಾಗಿಬಿಟ್ಟರಾ? ಹಾಗಾಗಲು ಸಾಧ್ಯವೇ ಇಲ್ಲ. ವಂಶದ ಗುಣವೂ ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ನಾವು ಬದುಕುವ ರೀತಿ, ನಾವು ಬದುಕುವ ಜಾಗ. ಕೂತು ಮಾಡುವ ಕೆಲಸ ಜಾಸ್ತಿ ಆಗಿದೆ. ಕರಿದ ತಿಂಡಿ, ಸಿಹಿ ಪಾನೀಯ ಮೊಬೈಲ್ ಒತ್ತಿದರೆ ಹತ್ತು ನಿಮಿಷಕ್ಕೆ ಮನೆಬಾಗಿಲಿಗೆ ಬರುತ್ತವೆ. ಇದೆಲ್ಲ ನಿಜ, ಇದನ್ನೆಲ್ಲ ನಿಮ್ಮ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಆದರೆ ಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಸಿಗುವ ಅರ್ಧ ಕಿಲೋಮೀಟರ್ ಇದೆಯಲ್ಲ, ಅದು ಪೂರ್ತಿ ನಿಮ್ಮದು.

ನಮ್ಮ ಕ್ಲಿನಿಕ್‌ಗೆ ಬರುವ ಒಬ್ಬ ತಾಯಿಯ ಆ ಅರ್ಧ ಕಿಲೋಮೀಟರ್ ಹೇಗಿದೆ ಅಂತ ಹೇಳುತ್ತೇನೆ. ವಾರ್ಡ್ ಯಾವುದು ಅಂತ ಹೇಳುವುದಿಲ್ಲ. ಐದು ಪಾಲಿಕೆಗಳಲ್ಲೂ ಇಂಥ ಬೀದಿಗಳಿವೆ. ಆಕೆಗೆ ಐವತ್ತು ದಾಟಿದೆ. ಶುಗರ್ ಇದೆ, ಬಲಗಾಲಿನ ಮಂಡಿ ಸವೆದಿದೆ. ಮನೆಯ ಗೇಟಿನ ಮುಂದೆ ಫುಟ್‌ಪಾತ್ ಅಂತ ಇರುವುದು ಮಳೆನೀರು ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳು. ಮೂರನೆಯ ಮನೆಯವರು ಕಾರು ಒಳಗೆ ತರಲು ಗೇಟಿನಿಂದ ರಸ್ತೆಯವರೆಗೆ ಇಳಿಜಾರು ಮಾಡಿಕೊಂಡಿದ್ದಾರೆ. ಅಲ್ಲಿ ಕಾಲು ಜಾರುತ್ತದೆ, ಕೆಳಗೆ ಇಳಿಯಬೇಕು. ಮತ್ತೆ ಹತ್ತಬೇಕೆಂದರೆ ಕಲ್ಲು ಒಂದು ಅಡಿ ಎತ್ತರ. ಮಂಡಿ ಸರಿ ಇಲ್ಲದವರು ಹೇಗೆ ಹತ್ತಬೇಕು? ಸ್ವಲ್ಪ ಮುಂದೆ ಹೊಸ ಮನೆ ಏಳುತ್ತಿದೆ. ಫುಟ್‌ಪಾತ್ ತುಂಬ ಜಲ್ಲಿ, ಎಂ-ಸ್ಯಾಂಡ್. ಅದು ದಾಟಿದರೆ ಟ್ರಾನ್ಸ್‌ಫಾರ್ಮರ್. ಅದರ ಬುಡದಲ್ಲಿ ಕಸದ ರಾಶಿ, ಕಸದ ಸುತ್ತ ನಾಯಿಗಳು. ತಿರುವಿನಲ್ಲಿ ಒಂದು ಚಪ್ಪಡಿ ಒಡೆದು ಬಿದ್ದಿದೆ. ಯಾರೋ ಪುಣ್ಯಾತ್ಮರು ಅದಕ್ಕೆ ಒಂದು ಮರದ ಕೊಂಬೆ ಸಿಕ್ಕಿಸಿ ಗುರುತು ಮಾಡಿದ್ದಾರೆ. ಹಾಗಾಗಿ ಆಕೆ ರಸ್ತೆಯಲ್ಲೇ ನಡೆಯುತ್ತಾರೆ. ಹಿಂದಿನಿಂದ ನೀರಿನ ಟ್ಯಾಂಕರ್ ಹಾರ್ನ್ ಹೊಡೆದುಕೊಂಡು ಬರುತ್ತದೆ.

‘ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ’ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನೂ ಅದನ್ನೇ ಚೀಟಿಯಲ್ಲಿ ಬರೆದುಕೊಟ್ಟೆ. ಆಕೆ ನಡೆದರು ಕೂಡ. ಒಂದು ಸಂಜೆ ಕಾಲು ಉಳುಕಿಸಿಕೊಂಡ ಮೇಲೆ ಮಗ ಹೊರಗೆ ಬಿಡಲಿಲ್ಲ. ಈಗ ಮನೆಯ ತಾರಸಿ ಮೇಲೆ, ನೀರಿನ ಟ್ಯಾಂಕಿನ ಸುತ್ತ ಸುತ್ತುತ್ತಾರೆ. ಅವರ ಛಲಕ್ಕೆ ನನ್ನ ನಮಸ್ಕಾರ. ಆದರೆ ಒಂದು ಮಹಾನಗರ ತನ್ನ ಹೆಣ್ಣುಮಕ್ಕಳಿಗೆ ಕೊಡಬೇಕಾದ್ದು ಅಷ್ಟೇನಾ?

ನಾನು ದೊಡ್ಡ ಸೌಕರ್ಯ ಕೇಳುತ್ತಿಲ್ಲ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲೇ ಬರೆದಿದೆ: ನಡೆಯುವ ಜಾಗ ಅಡೆತಡೆ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. ಎದುರಿನಿಂದ ಗಾಲಿಕುರ್ಚಿ ಬಂದರೂ ಸರಿದುಹೋಗುವಷ್ಟು ಅಗಲ, ಅಜ್ಜಿಯೊಬ್ಬರು ಕೈಹಿಡಿಯುವವರಿಲ್ಲದೆ ಹತ್ತುವಷ್ಟು ಎತ್ತರ. ನಿಮ್ಮ ಎಂಜಿನಿಯರುಗಳಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಕೂಡ ಇದೇ ಮಾತಿಗೆ ಬಂತು. ಅಡ್ಡಿ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದಿತು.

‘ಜಾಗಕ್ಕೂ ಬೊಜ್ಜಿಗೂ ಏನಮ್ಮ ಸಂಬಂಧ, ಮನಸ್ಸಿದ್ದರೆ ಮಾರ್ಗ’ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಒಳ್ಳೆಯ ಪಾರ್ಕಿನ ಪಕ್ಕ ಮನೆ ಮಾಡುವವರು ಮೊದಲೇ ಅನುಕೂಲಸ್ಥರು, ಆರೋಗ್ಯದ ಬಗ್ಗೆ ಕಾಳಜಿ ಇರುವವರು, ಹಾಗಾಗಿ ಅವರು ಗಟ್ಟಿಮುಟ್ಟಾಗಿರುತ್ತಾರೆ ಅಂತಲೂ ಹೇಳಬಹುದು. ಇದು ನ್ಯಾಯವಾದ ಅನುಮಾನವೇ. ಇದನ್ನು ಅಮೆರಿಕದಲ್ಲಿ ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿದ್ದಾರೆ. 1994ರಿಂದ 1998ರವರೆಗೆ ಅಲ್ಲಿನ ವಸತಿ ಇಲಾಖೆ ಐದು ನಗರಗಳಲ್ಲಿ ಬಡವರ ಸರ್ಕಾರಿ ವಸತಿಯಲ್ಲಿದ್ದ ಕುಟುಂಬಗಳನ್ನು ಆರಿಸಿಕೊಂಡಿತು. ಬಾಲ್ಟಿಮೋರ್, ಬೋಸ್ಟನ್, ಷಿಕಾಗೊ, ಲಾಸ್ ಏಂಜಲಿಸ್, ನ್ಯೂಯಾರ್ಕ್. ಒಟ್ಟು 4,498 ತಾಯಂದಿರು. ಅವರಲ್ಲಿ ಕೆಲವರಿಗೆ ಬಡತನ ಕಡಿಮೆ ಇರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಯಾರಿಗೆ ಸಿಗಬೇಕು ಅನ್ನುವುದನ್ನು ಲಾಟರಿ ಎತ್ತಿ ತೀರ್ಮಾನಿಸಿದರು. ಇಷ್ಟಪಟ್ಟು ಆರಿಸಿಕೊಂಡು ಹೋದರು ಅನ್ನುವ ಅನುಮಾನಕ್ಕೆ ಇಲ್ಲಿ ಜಾಗವೇ ಇಲ್ಲ.

ಹತ್ತು ಹದಿನೈದು ವರ್ಷ ಕಳೆದ ಮೇಲೆ ಸಂಶೋಧಕರು ಆ ಹೆಂಗಸರ ಎತ್ತರ, ತೂಕ ಅಳೆದರು, ರಕ್ತ ಪರೀಕ್ಷೆ ಮಾಡಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಳ್ಳೆಯ ಬಡಾವಣೆಯ ಅವಕಾಶ ಸಿಕ್ಕವರಲ್ಲಿ ಬಿಎಂಐ 35 ದಾಟಿದ ತೀವ್ರ ಬೊಜ್ಜು 4.6 ಶೇಕಡಾಂಶ ಕಡಿಮೆ ಇತ್ತು. ರಕ್ತದಲ್ಲಿ ಸಕ್ಕರೆ ಕಾಯಿಲೆ ಸೂಚಿಸುವ ಮಟ್ಟ ಇದ್ದವರ ಪ್ರಮಾಣವೂ 4.3 ಶೇಕಡಾಂಶದಷ್ಟು ಕಡಿಮೆ. ಎಲ್ಲ ಬಗೆಯ ಬೊಜ್ಜಿನಲ್ಲೂ ಈ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಹೇಳಲೇಬೇಕು. ವ್ಯತ್ಯಾಸ ಎದ್ದು ಕಂಡದ್ದು ಅತಿ ಅಪಾಯದ ತೂಕದವರಲ್ಲಿ. ಅವರಿಗೆ ಯಾರೂ ಡಯಟ್ ಚೀಟಿ ಕೊಟ್ಟಿರಲಿಲ್ಲ. ಜಿಮ್‌ಗೆ ಸೇರಿಸಿರಲಿಲ್ಲ. ಬದಲಾದದ್ದು ಮನೆಯ ವಿಳಾಸ ಮಾತ್ರ. ಆ ವಿಳಾಸದಲ್ಲಿ ಏನು ಕೆಲಸ ಮಾಡಿತು, ಹೊರಗೆ ಓಡಾಡಲು ಭಯ ಇಲ್ಲದ್ದೋ, ತರಕಾರಿ ಹತ್ತಿರ ಸಿಕ್ಕಿದ್ದೋ, ಮನಸ್ಸಿನ ಒತ್ತಡ ಇಳಿದದ್ದೋ ಅಂತ ಆ ಅಧ್ಯಯನ ಬಿಡಿಸಿ ಹೇಳುವುದಿಲ್ಲ. ನನಗನ್ನಿಸುವುದು, ಎಲ್ಲವೂ ಸೇರಿ ಇರಬೇಕು.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಬೆಂಗಳೂರೇ ಈ ಪಾಠ ಬಹಳ ಹಿಂದೆ ಕಲಿತ ಊರು. 1898ರಲ್ಲಿ ಇಲ್ಲಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು. ಆಗಿನ ಆಡಳಿತ ‘ಕೈ ತೊಳೆದುಕೊಳ್ಳಿ, ಹುಷಾರಾಗಿರಿ’ ಅಂತ ಡಂಗುರ ಸಾರಿ ಸುಮ್ಮನಾಗಲಿಲ್ಲ. ಆ ವರ್ಷಗಳಲ್ಲೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಮೈತಳೆದವು. ನೇರವಾದ ಅಗಲ ರಸ್ತೆ, ಸಾಲುಮರ, ಪಾರ್ಕು, ಮನೆಗಳ ಹಿಂದೆ ಕಸ, ಕೊಳೆ ಸಾಗಿಸಲು ಕನ್ಸರ್ವೆನ್ಸಿ ಓಣಿ. ಕಾಯಿಲೆ ಬಂದಾಗ ಊರನ್ನೇ ಬದಲಾಯಿಸಬೇಕು ಅನ್ನುವ ಬುದ್ಧಿ ಅವರಿಗಿತ್ತು. ಆ ಎರಡು ಬಡಾವಣೆಗಳಲ್ಲಿ ಇವತ್ತಿಗೂ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ, ಎಷ್ಟು ಜನ ಹಿರಿಯರು ಆರಾಮಾಗಿ ನಡೆಯುತ್ತಿರುತ್ತಾರೆ ಅಂತ. ಈಗಿನ ಕಾಯಿಲೆ ಇಲಿಯಿಂದ ಬಂದದ್ದಲ್ಲ. ನಿಧಾನವಾಗಿ, ಸದ್ದಿಲ್ಲದೆ ಬರುತ್ತದೆ. ಹಾಗಾಗಿ ಯಾರಿಗೂ ಅವಸರ ಕಾಣುತ್ತಿಲ್ಲ.

ಊರಿನ ಇನ್ನೊಂದು ಮಗ್ಗುಲು ನೋಡಿ. ಬಿಡಿಎ ಕಾಯ್ದೆಯ ಪ್ರಕಾರ ಹೊಸ ಬಡಾವಣೆ ಮಾಡುವಾಗ ಒಟ್ಟು ಜಾಗದಲ್ಲಿ ಶೇ. 15ಕ್ಕೆ ಕಡಿಮೆ ಇಲ್ಲದಂತೆ ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು. ಅದರ ಮೇಲೆ ಶೇ. 10 ಸಿಎ ಸೈಟಿಗೆ, ಅಂದರೆ ನಾಗರಿಕ ಸೌಲಭ್ಯದ ಜಾಗಕ್ಕೆ. ಆದರೆ ನಗರದ ಅಂಚಿನಲ್ಲಿ ಲಕ್ಷಾಂತರ ಜನ ಇರುವುದು ರೆವಿನ್ಯೂ ಬಡಾವಣೆಗಳಲ್ಲಿ. ಹೊಲವನ್ನು ಸೀಳಿ 20-30, 30-40 ಸೈಟು ಮಾಡಿ ಮಾರಿದ ಜಾಗಗಳು. ಅಲ್ಲಿ ರಸ್ತೆಗೆ ಬಿಟ್ಟಿದ್ದೇ ಕಮ್ಮಿ, ಪಾರ್ಕಿನ ಮಾತೇ ಇಲ್ಲ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಅಲ್ಲಿಯವರು. ಗಾರ್ಮೆಂಟ್ಸ್‌ಗೆ ಹೋಗುವವರು, ಕ್ಯಾಬ್ ಓಡಿಸುವವರು, ಅಪಾರ್ಟ್‌ಮೆಂಟ್‌ನಲ್ಲಿ ಸೆಕ್ಯುರಿಟಿ ಕೆಲಸ ಮಾಡುವವರು. ದೊಡ್ಡ ಅಪಾರ್ಟ್‌ಮೆಂಟ್‌ಗಳ ಕಾಂಪೌಂಡಿನ ಒಳಗೆ ವಾಕಿಂಗ್ ಟ್ರ್ಯಾಕ್ ಇದೆ, ಈಜುಕೊಳ ಇದೆ. ಅದೇ ಕಾಂಪೌಂಡ್ ಕಾಯುವವನ ಮನೆಯ ಮುಂದೆ ಮಗು ಸೈಕಲ್ ಹೊಡೆಯಲು ಜಾಗ ಇಲ್ಲ. ಬೊಜ್ಜು ಶ್ರೀಮಂತರ ಕಾಯಿಲೆ ಅಂತ ಇನ್ನೂ ನಂಬಿರುವವರು ನಮ್ಮ ಕ್ಲಿನಿಕ್‌ನ ಬೆಂಚಿನ ಮೇಲೆ ಒಂದು ಗಂಟೆ ಬಂದು ಕೂರಬೇಕು.

ಪಾರ್ಕು ಅನ್ನುವುದು ಸುಮ್ನೆ ಅಲಂಕಾರಕ್ಕೆ ಇರುವುದಲ್ಲ ಅಂತ ನಮ್ಮ ಬೆಂಗಳೂರಿನ ಜನವೇ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಗೆದ್ದು ತಂದಿದ್ದಾರೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಇಟ್ಟಿದ್ದ ಜಾಗವನ್ನು ಒಂದು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಮಂಜೂರಾತಿ ಸಲ್ಲದು ಅಂತ ತೀರ್ಪು ಕೊಟ್ಟಿತು. ಆಸ್ಪತ್ರೆಯೂ ಆರೋಗ್ಯಕ್ಕೇ ತಾನೇ ಅನ್ನುವ ವಾದ ಅಲ್ಲಿ ನಿಲ್ಲಲಿಲ್ಲ. ಜನ ಉಸಿರಾಡುವ, ಮಕ್ಕಳು ಆಡುವ ಜಾಗ ಹೋದರೆ ಮತ್ತೆ ಬರುವುದಿಲ್ಲ. ಆ ತೀರ್ಪನ್ನು ನಿಮ್ಮ ಪ್ರತಿ ವಲಯ ಕಚೇರಿಯಲ್ಲೂ ಒಮ್ಮೆ ಓದಿಸಬೇಕು ಅನ್ನಿಸುತ್ತದೆ.

ಇರುವ ಪಾರ್ಕುಗಳ ಮಾತಿಗೆ ಬರುತ್ತೇನೆ. ನಗರದ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ 2024ರಲ್ಲಿ ತೀರ್ಮಾನ ಆಯಿತು. ತುಂಬಾ ಒಳ್ಳೆಯ ಕೆಲಸ. ಮನಸಾರೆ ಧನ್ಯವಾದ. ಆದರೆ ಗೇಟು ತೆರೆದರೆ ಸಾಲದು. ಸಂಜೆ ಏಳರ ಮೇಲೆ ದೀಪ ಉರಿಯಬೇಕು. ಕೆಲಸ ಮುಗಿಸಿ, ಅಡುಗೆ ಮುಗಿಸಿ ಹೆಂಗಸರಿಗೆ ಬಿಡುವು ಸಿಗುವುದೇ ಆ ಹೊತ್ತಿಗೆ. ಶೌಚಾಲಯ ಇರಬೇಕು, ಅದಕ್ಕೆ ಬೀಗ ಹಾಕಿರಬಾರದು. ಶುಗರ್ ಇರುವವರಿಗೆ ಪದೇಪದೇ ಹೋಗಬೇಕಾಗುತ್ತದೆ. ಶೌಚಾಲಯ ಇಲ್ಲ ಅನ್ನುವ ಒಂದೇ ಕಾರಣಕ್ಕೆ ವಾಕಿಂಗ್ ಬಿಟ್ಟವರನ್ನು ನಾನು ನೋಡಿದ್ದೇನೆ. ಇದನ್ನು ಅವರು ಯಾವ ಅಧಿಕಾರಿಯ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ನಾನು ಹೇಳುತ್ತಿದ್ದೇನೆ.

ಬಸ್ಸಿನ ವಿಷಯವೂ ಇದರೊಳಗೇ ಬರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರು ಬಸ್ಸು ಹತ್ತುವುದು ಜಾಸ್ತಿ ಆಗಿದೆ. ಬಸ್ಸಿನಲ್ಲಿ ಹೋಗುವವರು ಬೇಡವೆಂದರೂ ನಡೆಯುತ್ತಾರೆ, ಅಲ್ವಾ? ಮನೆಯಿಂದ ಸ್ಟಾಪಿಗೆ, ಸ್ಟಾಪಿನಿಂದ ಕೆಲಸದ ಜಾಗಕ್ಕೆ, ಸಂಜೆ ಮತ್ತೆ ವಾಪಸ್. ಈ ಓಡಾಟದಲ್ಲೇ ದಿನದ ಅರ್ಧಗಂಟೆ ನಡಿಗೆ ಪುಕ್ಕಟೆಯಾಗಿ ಆಗಿಹೋಗುತ್ತದೆ. ಬೇರೆ ಸಮಯ ಹೊಂದಿಸಬೇಕಿಲ್ಲ, ಶೂ ಕೊಳ್ಳಬೇಕಿಲ್ಲ. ನನ್ನ ಕೆಲಸದಲ್ಲಿ ಇದಕ್ಕಿಂತ ಸುಲಭದ ಸಲಹೆ ಇನ್ನೊಂದಿಲ್ಲ. ಆದರೆ ಸ್ಟಾಪಿಗೆ ಹೋಗುವ ದಾರಿ ಕತ್ತಲಾಗಿದ್ದರೆ, ಕೆಸರಾಗಿದ್ದರೆ ಜನ ಒಂದು ಸ್ಕೂಟರ್ ಸಾಲದಲ್ಲಿ ತೆಗೆದುಕೊಳ್ಳುತ್ತಾರೆ. ಸ್ಕೂಟರ್ ಬಂದ ಮೇಲೆ ಮೂರನೇ ಕ್ರಾಸಿನ ಹಾಲಿನ ಬೂತಿಗೂ ಅದರಲ್ಲೇ.

ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೈಬೆವರುವ ಆಟ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಬೇಕು ಅಂತ ಹೇಳುತ್ತದೆ. ಮೂರು ಅಂತಸ್ತಿನ ಮನೆಯಂಥ ಕಟ್ಟಡದಲ್ಲಿ ನಡೆಯುವ ಶಾಲೆಗಳ ಮಕ್ಕಳು ಎಲ್ಲಿ ಆಡುತ್ತಾರೆ ಅಂತ ಯಾರೂ ಕೇಳುತ್ತಿಲ್ಲ. ಶಾಲೆ ಬಿಟ್ಟ ಕೂಡಲೇ ಗೇಟಿನ ಎದುರು ಕಾಣುವುದು ನೇತುಹಾಕಿದ ಚಿಪ್ಸ್ ಪ್ಯಾಕೆಟ್ ಸರ, ಬಣ್ಣದ ಸಿಹಿನೀರು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಆ 50 ಮೀಟರ್ ಅನ್ನು ಯಾರಾದರೂ ಅಳೆದಿದ್ದಾರಾ?

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಫುಟ್‌ಪಾತ್ ತೆರವು ಅಂದಾಕ್ಷಣ ಮೊದಲು ಎತ್ತಿ ಲಾರಿಗೆ ಹಾಕುವುದು ತರಕಾರಿ ತಳ್ಳುಗಾಡಿಯನ್ನು. ದಯವಿಟ್ಟು ಹಾಗೆ ಮಾಡಬೇಡಿ. ಸೊಪ್ಪು ಮಾರುವ ಅಮ್ಮ, ಬಾಳೆಹಣ್ಣಿನ ಗಾಡಿಯವರು ನನ್ನ ಪಾಲಿಗೆ ಅರ್ಧ ಕೆಲಸ ಮಾಡಿಕೊಡುವವರು. ದಂಟು, ಮೆಂತ್ಯ, ಹರಿವೆ ಮನೆ ಬಾಗಿಲಿಗೆ ಬರುವುದರಿಂದಲೇ ಎಷ್ಟೋ ಮನೆಗಳಲ್ಲಿ ಸೊಪ್ಪಿನ ಸಾರು ಉಳಿದುಕೊಂಡಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿಕೊಡಿ ಅಂತ ಹೇಳುತ್ತದೆ. ನಡೆಯುವವರಿಗೂ ತೊಂದರೆ ಆಗದ ಹಾಗೆ, ಅವರಿಗೂ ಹೊಟ್ಟೆಪಾಡು ತಪ್ಪದ ಹಾಗೆ ಜಾಗ ಮಾಡಿಕೊಡಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್‌ನ ಹಸಿರು ಮಳಿಗೆಗಳು ಹಳೆಯ ಬಡಾವಣೆಗಳ ಮೂಲೆಮೂಲೆಯಲ್ಲಿ ಕಾಣುತ್ತಿದ್ದವು. ಹೊಸ ಬಡಾವಣೆಗಳಲ್ಲಿ ಹುಡುಕಬೇಕು. ನಿಮ್ಮ ಕೈಯಲ್ಲಿರುವ ಜಾಗದಲ್ಲಿ ಹತ್ತಡಿ ಮೂಲೆ ಕೊಟ್ಟರೆ ಒಂದು ಮಳಿಗೆ ನಿಲ್ಲುತ್ತದೆ. ಮೊದಲು ತೆರವು ಆಗಬೇಕಾದದ್ದು ಫುಟ್‌ಪಾತ್ ಮೇಲೆ ನಿಲ್ಲಿಸಿದ ಕಾರು, ಮನೆಕಟ್ಟುವವರ ಜಲ್ಲಿ.

ಈಗ ನನ್ನ ಬೇಡಿಕೆ. ಇಡೀ ನಗರವನ್ನು ಒಂದೇ ವರ್ಷದಲ್ಲಿ ಸರಿಮಾಡಿ ಅಂತ ಕೇಳಿದರೆ ಅದು ಕಡತದಲ್ಲೇ ಉಳಿಯುತ್ತದೆ ಅಂತ ನನಗೂ ಗೊತ್ತು. ಚರ್ಚ್ ಸ್ಟ್ರೀಟ್, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಚೆಂದದ ಫುಟ್‌ಪಾತ್ ಮಾಡಿದ್ದೀರಿ. ಮಾಡಲು ಬರುತ್ತದೆ ಅಂತ ಅಲ್ಲಿ ತೋರಿಸಿದ್ದೀರಿ. ಆದರೆ ಅದು ಜನ ಸಂಜೆ ಸುತ್ತಲು ಹೋಗುವ ಜಾಗ. ದಿನಾ ನಡೆಯಬೇಕಾದ ಜಾಗ ಮನೆ ಹತ್ತಿರ ಇರಬೇಕು.

ಹಾಗಾಗಿ ನನ್ನ ಸಲಹೆ ಹೀಗಿದೆ. ನಗರದ ತುಂಬ ‘ನಮ್ಮ ಕ್ಲಿನಿಕ್’ಗಳು ಇವೆ. ಬಡವರು ಬಿಪಿ, ಶುಗರ್ ತೋರಿಸಿಕೊಳ್ಳಲು ಹೋಗುವುದು ಅಲ್ಲಿಗೆ. ಅಲ್ಲೂ ಡಾಕ್ಟರು ‘ನಡೆಯಿರಿ’ ಅಂತಲೇ ಹೇಳುತ್ತಾರೆ. ಪ್ರತಿ ನಮ್ಮ ಕ್ಲಿನಿಕ್ ಸುತ್ತ ಅರ್ಧ ಕಿಲೋಮೀಟರ್ ಒಂದು ವೃತ್ತ ಎಳೆಯಿರಿ. ಆ ವೃತ್ತದೊಳಗಿನ ಫುಟ್‌ಪಾತ್, ಬೀದಿದೀಪ, ಚರಂಡಿಯ ಚಪ್ಪಡಿ, ರಸ್ತೆ ದಾಟುವ ಜಾಗ ಮೊದಲು ಸರಿಯಾಗಲಿ. ಕ್ಲಿನಿಕ್, ಬಸ್ ಸ್ಟಾಪ್, ಶಾಲೆ, ಪಾರ್ಕು ಇಷ್ಟನ್ನು ಜೋಡಿಸುವ ಒಂದು ಸುತ್ತು ಸಾಕು. ಪಾರ್ಕೇ ಇಲ್ಲದ ಕಡೆ ಸರ್ಕಾರಿ ಶಾಲೆಯ ಅಂಗಳವನ್ನು ಬೆಳಿಗ್ಗೆ ಸಂಜೆ ತೆರೆಯಲು ಶಿಕ್ಷಣ ಇಲಾಖೆಯ ಜೊತೆ ಮಾತಾಡಿ. ಕೆರೆಯ ಏರಿ ಇದ್ದರೆ ಅದನ್ನು ಆ ಸುತ್ತಿಗೆ ಸೇರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆಯ ಎಸ್ಟಿಮೇಟ್ ಮಾಡುವಾಗ ವಾರ್ಡಿನ ಎಂಜಿನಿಯರ್ ಪಕ್ಕದಲ್ಲಿ ಆ ಕ್ಲಿನಿಕ್‌ನ ಡಾಕ್ಟರ್ ಕೂರಲಿ. ಯಾವ ತಿರುವಿನಲ್ಲಿ ಜನ ಬೀಳುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ. ಬಿದ್ದವರಿಗೆ ಪಟ್ಟಿ ಕಟ್ಟುವವರು ಅವರೇ.

2025ರ ಸೆಪ್ಟೆಂಬರ್‌ನಲ್ಲಿ ಒಂದು ದೊಡ್ಡ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ಆಡಳಿತ ಜನರಿಗೆ ಹತ್ತಿರ ಆಗಲಿ ಅನ್ನುವುದೇ ಅದರ ಕಾರಣ ಅಂತ ಹೇಳಿದರು. ನಮ್ಮ ಮನೆಯ ಮುಂದಿನ ಅರ್ಧ ಕಿಲೋಮೀಟರಿಗಿಂತ ಹತ್ತಿರ ಯಾವುದಿದೆ? ನಿಮ್ಮ ಐವರಲ್ಲಿ ಯಾರೇ ಮೊದಲು ಶುರು ಮಾಡಿದರೂ ಉಳಿದವರಿಗೆ ಅದೇ ಮಾದರಿ ಆಗುತ್ತದೆ.

ನಮ್ಮ ಕ್ಲಿನಿಕ್‌ಗೆ ಬರುವ ಕೆಲವು ಹೆಂಗಸರು, ಹಿರಿಯರು ನಿಮ್ಮ ಎಂಜಿನಿಯರ್ ಜೊತೆ ಒಂದು ಬೆಳಿಗ್ಗೆ ನಡೆಯಲು ತಯಾರಿದ್ದಾರೆ. ಅವರು ಅಳತೆ ಟೇಪು ತರಲಿ. ಯಾವ ಚಪ್ಪಡಿ ಅಲ್ಲಾಡುತ್ತದೆ, ಎಲ್ಲಿ ದೀಪ ಇಲ್ಲ, ಎಲ್ಲಿ ಕಾಲು ಎತ್ತಿಡಲು ಆಗುವುದಿಲ್ಲ ಅಂತ ಇವರು ತೋರಿಸುತ್ತಾರೆ. ನಾನೂ ಜೊತೆಗಿರುತ್ತೇನೆ. ಆರೂವರೆಗೆ ಶುರು ಮಾಡಿದರೆ ಎಲ್ಲರೂ ಕೆಲಸಕ್ಕೆ ಹೋಗುವುದರೊಳಗೆ ಮುಗಿಯುತ್ತದೆ. ಭಾನುವಾರ ಆದರೂ ಅಡ್ಡಿಯಿಲ್ಲ. ದಿನ ಗೊತ್ತುಮಾಡಿ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಆಹಾರ ಸಲಹೆಗಾರ್ತಿ